ಕೈಗೆ ಕೂತ ಎಡಿಟರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಬಹಳ ಮಂದಿ ಕೋಡ್ ಬರೆಯುವವರು. ಆ ಕೋಡ್ ಬರೆಯಲು, ತಿದ್ದಲು ಬಳಸುವ ಪ್ರೋಗ್ರಾಂಗೆ ಎಡಿಟರ್ ಅಂತ ಹೆಸರು. ಕೆಲವರು ವಿಎಸ್ ಕೋಡ್ ಬಳಸುತ್ತೀರಿ, ಕೆಲವರು ಇಂಟೆಲಿಜೆ, ಕೆಲವರು ವಿಮ್. ಒಬ್ಬಿಬ್ಬರಾದರೂ ಇಮ್ಯಾಕ್ಸ್ ಬಳಸುವವರು ಇದ್ದೇ ಇರುತ್ತೀರಿ. ಇವುಗಳಲ್ಲಿ ಯಾವುದು ಮೇಲು ಅಂತ ತೀರ್ಪು ಕೊಡಲು ನಾನು ಬಂದಿಲ್ಲ. ಆ ವಾದಕ್ಕೆ ಹತ್ತಿರ ಹತ್ತಿರ ಐವತ್ತು ವರ್ಷ ಆಯಿತು. ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟು: ಒಬ್ಬರಿಗೆ ಒಂದು ಎಡಿಟರ್ ಯಾಕೆ ಹಿಡಿಸುತ್ತದೆ ಅನ್ನುವುದಕ್ಕೆ ಗಟ್ಟಿ ಕಾರಣಗಳಿರುತ್ತವೆ. ಮಾಡುವ ಕೆಲಸ, ಕಲಿತ ಯಂತ್ರ, ಕೈಯ ಅಭ್ಯಾಸ, ಕೆಲವೊಮ್ಮೆ ದೇಹದ ಸ್ಥಿತಿ. ಇದನ್ನು ಅರ್ಥ ಮಾಡಿಕೊಂಡ ತಂಡ ಯಾರ ಕೈಯಿಂದಲೂ ಅವರ ಎಡಿಟರನ್ನು ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಳ್ಳುವ ಅಗತ್ಯವೂ ಈಗ ಉಳಿದಿಲ್ಲ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಪರದೆಯೇ ಇಲ್ಲದ ಕಾಲಕ್ಕೆ ಹೋಗೋಣ. 1969ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ‘ಎಡ್’ ಎಂಬ ಎಡಿಟರ್ ಬರೆದರು. ಅಂದಿನ ಟೆಲಿಟೈಪ್ ಯಂತ್ರಗಳು ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದವು. ಹಾಗಾಗಿ ನೀವು ಕೇಳದ ಹೊರತು ಎಡ್ ನಿಮ್ಮ ಫೈಲಿನ ಒಂದು ಸಾಲನ್ನೂ ತೋರಿಸುವುದಿಲ್ಲ. ತಪ್ಪು ಆಜ್ಞೆ ಕೊಟ್ಟರೆ ಅದು ಹೇಳುವುದು ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಇವತ್ತು ನೋಡಿದರೆ ಇದು ಒರಟು ಅನಿಸುತ್ತದೆ. ನಿಧಾನವಾಗಿ ಕಟಕಟ ಅನ್ನುವ ಯಂತ್ರದ ಮುಂದೆ ಕೂತವರಿಗೆ ಕಡಿಮೆ ಮಾತಾಡುವ ಎಡಿಟರೇ ಬೇಕಿತ್ತು.

ಇವತ್ತಿನ ವಿಮ್‌ಗೆ ಮೂಲವಾದ ವಿಐ ಎಡಿಟರಿನ ಕಥೆಯೂ ಇಂಥದ್ದೇ. 1976ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಇದನ್ನು ಬರೆದರು. ಆಗ ಅವರು ಅಲ್ಲಿ ವಿದ್ಯಾರ್ಥಿ. ಅವರ ಮನೆಯಲ್ಲಿ ಒಂದು ಟರ್ಮಿನಲ್ (ದೂರದ ಕಂಪ್ಯೂಟರ್ ಬಳಸಲು ಬೇಕಾದ ಪರದೆ, ಕೀಬೋರ್ಡ್) ಮತ್ತು ಅದನ್ನು ಫೋನ್ ತಂತಿಗೆ ಜೋಡಿಸುವ 300 ಬಾಡ್ ಮೋಡೆಮ್ ಇತ್ತು. 300 ಬಾಡ್ ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಒಂದು ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಲೆಕ್ಕ ಹಾಕಿ ನೋಡಿ, ಇಡೀ ಪರದೆಯನ್ನು ಹೊಸದಾಗಿ ಬರೆಯಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು! ಅಂಥ ಕಡೆ ಒಂದೊಂದು ಕೀ ಒತ್ತಿಗೂ ಬೆಲೆ ಇರುತ್ತದೆ. ಅದಕ್ಕೇ ವಿಐ ಆಜ್ಞೆಗಳು ಒಂದೋ ಎರಡೋ ಅಕ್ಷರದವು.

ಕರ್ಸರನ್ನು ಸರಿಸಲು ಎಚ್, ಜೆ, ಕೆ, ಎಲ್ ಕೀಗಳನ್ನೇ ಯಾಕೆ ಬಳಸಬೇಕು ಅಂತ ಹೊಸಬರು ಕೇಳುತ್ತಾರೆ. ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಅಚ್ಚಾಗಿದ್ದದ್ದೇ ಆ ನಾಲ್ಕು ಕೀಗಳ ಮೇಲೆ. ಎಸ್ಕೇಪ್ ಕೀ ಇದ್ದದ್ದು ಇವತ್ತಿನ ಕೀಬೋರ್ಡ್‌ನಲ್ಲಿ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿನ ಪಕ್ಕದಲ್ಲೇ. ಯಂತ್ರ ಹೋಯಿತು, ಕೀಬೋರ್ಡ್ ಬದಲಾಯಿತು, ಬೆರಳಿನ ಅಭ್ಯಾಸ ಮಾತ್ರ ತಲೆಮಾರಿನಿಂದ ತಲೆಮಾರಿಗೆ ದಾಟಿಕೊಂಡು ಬಂತು. ಎಸ್ಕೇಪ್ ಈಗ ಮೂಲೆಗೆ ಹೋಗಿರುವುದರಿಂದಲೇ ಎಷ್ಟೋ ಜನ ಕ್ಯಾಪ್ಸ್ ಲಾಕ್ ಕೀಯನ್ನು ಎಸ್ಕೇಪ್ ಆಗಿ ಬದಲಿಸಿಕೊಳ್ಳುತ್ತಾರೆ.

ಅದೇ 1976ರಲ್ಲಿ, ಅಮೆರಿಕದ ಇನ್ನೊಂದು ದಡದಲ್ಲಿ, ಎಂಐಟಿಯ ಎಐ ಲ್ಯಾಬ್‌ನಲ್ಲಿ ಇಮ್ಯಾಕ್ಸ್ ಹುಟ್ಟಿತು. ಅಲ್ಲಿ ಟೆಕೋ ಎಂಬ ಎಡಿಟರ್ ಇತ್ತು. ಅದಕ್ಕೆ ಪ್ರತಿಯೊಬ್ಬರೂ ತಮ್ಮದೇ ಮ್ಯಾಕ್ರೊಗಳನ್ನು, ಅಂದರೆ ಹಲವು ಆಜ್ಞೆಗಳನ್ನು ಒಟ್ಟಿಗೆ ನಡೆಸುವ ಚಿಕ್ಕ ಪ್ರೋಗ್ರಾಂಗಳನ್ನು, ಬರೆದುಕೊಂಡಿದ್ದರು. ಒಬ್ಬರ ಎಡಿಟರ್ ಮುಂದೆ ಇನ್ನೊಬ್ಬರು ಕೂತರೆ ಏನೂ ತಿಳಿಯುತ್ತಿರಲಿಲ್ಲ. ಇವನ್ನೆಲ್ಲ ಒಂದುಗೂಡಿಸುವ ಕೆಲಸವನ್ನು ಗೈ ಸ್ಟೀಲ್ ಶುರು ಮಾಡಿದರು, ರಿಚರ್ಡ್ ಸ್ಟಾಲ್‌ಮನ್ ಮುಂದುವರಿಸಿದರು. ಇವತ್ತು ನಾವು ಬಳಸುವ ಗ್ನೂ ಇಮ್ಯಾಕ್ಸ್ ಸಾರ್ವಜನಿಕರ ಕೈಗೆ ಬಂದದ್ದು 1985ರಲ್ಲಿ. ಎಂಐಟಿಯ ಕೀಬೋರ್ಡ್‌ಗಳಲ್ಲಿ ಇಮ್ಯಾಕ್ಸ್ ಆಜ್ಞೆಗಳಿಗೆ ಒತ್ತಿ ಹಿಡಿಯಬೇಕಾದ ಕಂಟ್ರೋಲ್, ಮೆಟಾ ಕೀಗಳು ಸ್ಪೇಸ್ ಬಾರ್‌ನ ಎರಡೂ ಬದಿಯಲ್ಲಿದ್ದವು, ಹೆಬ್ಬೆರಳಿಗೆ ಸಿಗುತ್ತಿದ್ದವು. ಇವತ್ತಿನ ಕೀಬೋರ್ಡ್‌ನಲ್ಲಿ ಕಂಟ್ರೋಲ್ ಮೂಲೆಯಲ್ಲಿದೆ. ಇಮ್ಯಾಕ್ಸ್ ಬಳಸುವವರ ಕಿರುಬೆರಳು ನೋಯುವುದಕ್ಕೆ ಕಾರಣ ಇದೇ.

ಎರಡೂ ಒಂದೇ ವರ್ಷದ ಕೂಸುಗಳು, ಆದರೆ ಎಷ್ಟು ಬೇರೆ ಬೇರೆ ಮನೋಭಾವ ಅಲ್ವಾ? ಬೇಗ ಒಳಗೆ ಹೋಗಿ, ಕೆಲಸ ಮುಗಿಸಿ, ಹೊರಗೆ ಬರಲು ವಿಐ. ಇಮ್ಯಾಕ್ಸ್ ಒಳಗೇ ಉಳಿದುಬಿಡುವವರಿಗೆ. ಎಡಿಟರಿನ ಹೆಚ್ಚಿನ ಭಾಗ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಅದು ಓಡುತ್ತಿರುವಾಗಲೇ ಅದರ ಒಳಗಿನದನ್ನು ಬದಲಿಸಬಹುದು. ಯಾವುದೇ ಕೀ ಏನು ಮಾಡುತ್ತದೆ ಅಂತ ಇಮ್ಯಾಕ್ಸನ್ನೇ ಕೇಳಬಹುದು. ಅದು ಆ ಫಂಕ್ಷನ್‌ನ ವಿವರ ಕೊಟ್ಟು, ಅದರ ಮೂಲ ಕೋಡ್‌ಗೂ ದಾರಿ ತೋರಿಸುತ್ತದೆ. ಇದಕ್ಕೆ ಸಂಬಂಧಿಸಿದ ಒಂದು ಘಟನೆ ನನಗೆ ಬಹಳ ಇಷ್ಟ. ಬರ್ನಾರ್ಡ್ ಗ್ರೀನ್‌ಬರ್ಗ್ ಮಲ್ಟಿಕ್ಸ್ ಯಂತ್ರಕ್ಕಾಗಿ ಲಿಸ್ಪ್‌ನಲ್ಲಿ ಒಂದು ಇಮ್ಯಾಕ್ಸ್ ಬರೆದಿದ್ದರು. ಅವರ ಕಚೇರಿಯ ಕಾರ್ಯದರ್ಶಿಗಳು ಅದಕ್ಕೆ ತಮಗೆ ಬೇಕಾದ ಹೊಸ ಆಜ್ಞೆಗಳನ್ನು ತಾವೇ ಬರೆದುಕೊಳ್ಳಲು ಕಲಿತರು ಅಂತ ಸ್ಟಾಲ್‌ಮನ್ ಹೇಳಿದ್ದಾರೆ. ಅವರ ಕೈಗೆ ಸಿಕ್ಕಿದ್ದ ಕೈಪಿಡಿಯಲ್ಲಿ ಇದು ಪ್ರೋಗ್ರಾಮಿಂಗ್ ಅಂತ ಎಲ್ಲೂ ಬರೆದಿರಲಿಲ್ಲ. ಪ್ರೋಗ್ರಾಮಿಂಗ್ ತಮ್ಮಿಂದ ಆಗದು ಅಂದುಕೊಂಡಿದ್ದವರು ಹೆದರಲೇ ಇಲ್ಲ. ಒಳ್ಳೆಯ ಸಲಕರಣೆ ಜನರನ್ನು ಎಷ್ಟು ದೂರ ಕರೆದೊಯ್ಯಬಹುದು ಅಂತ ಯೋಚನೆ ಬಂದಾಗಲೆಲ್ಲ ನನಗೆ ಈ ಕಾರ್ಯದರ್ಶಿಗಳು ನೆನಪಾಗುತ್ತಾರೆ.

ಈಗ ಮೋಡ್‌ಗಳ ಪ್ರಶ್ನೆ. ಮೋಡ್ ಅಂದರೆ ಎಡಿಟರಿನ ಒಂದು ಸ್ಥಿತಿ, ಅದಕ್ಕೆ ತಕ್ಕಂತೆ ಒಂದೇ ಕೀ ಬೇರೆ ಬೇರೆ ಕೆಲಸ ಮಾಡುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಷ್ಟ–ಕಷ್ಟಗಳ ಬೇರು ಇಲ್ಲೇ ಇದೆ.

ವಿಐ ತೆರೆದ ಕೂಡಲೇ ಅಕ್ಷರ ಒತ್ತಿದರೆ ಅಕ್ಷರ ಮೂಡುವುದಿಲ್ಲ, ಆಜ್ಞೆ ನಡೆಯುತ್ತದೆ. ಬರೆಯಬೇಕಾದರೆ ಇನ್ಸರ್ಟ್ ಮೋಡ್‌ಗೆ ಹೋಗಬೇಕು. ಇದಕ್ಕೆ ಜೋರಾಗಿ ವಿರೋಧ ಹೇಳಿದವರು ಲ್ಯಾರಿ ಟೆಸ್ಲರ್. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನಲ್ಲಿ ಟಿಮ್ ಮಾಟ್ ಜೊತೆ ಸೇರಿ ಅವರು ಜಿಪ್ಸಿ ಎಂಬ ಎಡಿಟರ್ ಮಾಡಿದರು. ಇವತ್ತು ಎಲ್ಲರೂ ಬಳಸುವ ಕಟ್, ಕಾಪಿ, ಪೇಸ್ಟ್ ರೂಪುಗೊಂಡದ್ದು ಆ ಕೆಲಸದಲ್ಲಿ. ‘ಮೋಡ್ ಬೇಡ’ ಅನ್ನುವುದು ಅವರಿಗೆ ಎಷ್ಟು ಮುಖ್ಯವಾಗಿತ್ತು ಅಂದರೆ, ತಮ್ಮ ಕಾರಿನ ನಂಬರ್ ಪ್ಲೇಟ್ ಮೇಲೂ ‘ನೋ ಮೋಡ್ಸ್’ ಅಂತಲೇ ಹಾಕಿಸಿಕೊಂಡಿದ್ದರು. ಅವರ ಭಯಕ್ಕೆ ಆಧಾರವಿತ್ತು. ಪಾರ್ಕ್‌ನಲ್ಲೇ ಇದ್ದ ಬ್ರಾವೋ ಎಂಬ ಎಡಿಟರಿನ ಬಗ್ಗೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಬರೆಯುವ ಮೋಡ್‌ನಲ್ಲಿದ್ದೇನೆ ಅಂದುಕೊಂಡು ಒಬ್ಬರು ‘ಎಡಿಟ್’ ಎಂಬ ಪದದ ಇ, ಡಿ, ಐ, ಟಿ ಅಕ್ಷರಗಳನ್ನು ಒತ್ತುತ್ತಾರೆ ಅನ್ನಿ. ಆದರೆ ಎಡಿಟರ್ ಆಜ್ಞೆಯ ಮೋಡ್‌ನಲ್ಲಿದೆ. ‘ಇ’ ಅಂದರೆ ಎಲ್ಲವನ್ನೂ ಆರಿಸು. ‘ಡಿ’ ಅಂದರೆ ಅಳಿಸು. ‘ಐ’ ಅಂದರೆ ಬರೆಯಲು ಶುರು ಮಾಡು. ಕೊನೆಗೆ ಇಡೀ ದಾಖಲೆ ಮಾಯವಾಗಿ ‘ಟಿ’ ಎಂಬ ಒಂದೇ ಅಕ್ಷರ ಉಳಿಯುತ್ತದೆ!

ಹಾಗಾದರೆ ಟೆಸ್ಲರ್ ಹೇಳಿದ್ದು ಸರಿಯಾ? ಅವರ ಮುಂದಿದ್ದ ಜನರಿಗೆ ಪೂರ್ತಿ ಸರಿ. ಅವರು ಗಮನಿಸುತ್ತಿದ್ದದ್ದು ಕಂಪ್ಯೂಟರನ್ನೇ ಹೊಸದಾಗಿ ನೋಡುತ್ತಿದ್ದವರನ್ನು. ಯಾವ ಮೋಡ್‌ನಲ್ಲಿದ್ದೇವೆ ಅಂತ ಸದಾ ನೆನಪಿಟ್ಟುಕೊಳ್ಳುವುದು ಅವರಿಗೆ ಸುಮ್ನೆ ಹೊರೆ. ಇನ್ನು ಪ್ರೋಗ್ರಾಮರ್ ದಿನವನ್ನು ನೋಡಿ. ಹೊಸ ಸಾಲುಗಳನ್ನು ಒಂದೇ ಸಮನೆ ಬರೆಯುವ ಹೊತ್ತು ಬಹಳ ಕಡಿಮೆ. ಉಳಿದದ್ದು ಓದುವುದು, ಹುಡುಕುವುದು, ಒಂದು ಹೆಸರು ಬದಲಿಸುವುದು, ನಾಲ್ಕು ಸಾಲು ಎತ್ತಿ ಬೇರೆ ಕಡೆ ಇಡುವುದು. ಅಂಥವರಿಗೆ ಕೀಬೋರ್ಡ್‌ನ ಎಲ್ಲ ಅಕ್ಷರಗಳೂ ಓಡಾಟಕ್ಕೆ, ತಿದ್ದುವುದಕ್ಕೆ ಸಿಕ್ಕರೆ ದೊಡ್ಡ ಅನುಕೂಲ. ವಿಮ್‌ನಲ್ಲಿ ‘ಸಿ’, ‘ಐ’, ಆಮೇಲೆ ಉದ್ಧರಣ ಚಿಹ್ನೆ ಒತ್ತಿದರೆ, ಆ ಚಿಹ್ನೆಗಳ ಒಳಗಿನ ಪಠ್ಯ ಅಳಿದು ಅಲ್ಲೇ ಹೊಸದು ಬರೆಯಬಹುದು. ಉದ್ಧರಣ ಚಿಹ್ನೆಯ ಬದಲು ಆವರಣ ಒತ್ತಿದರೆ ಆವರಣದ ಒಳಗಿನದು ಹೋಗುತ್ತದೆ. ಅದೇ ಬದಲಾವಣೆ ಇನ್ನೊಂದು ಕಡೆ ಬೇಕಾದರೆ ಒಂದು ಚುಕ್ಕಿ ಒತ್ತಿದರೆ ಸಾಕು. ಕ್ರಿಯೆ ಒಂದು, ಕರ್ಮ ಒಂದು. ಇವೆರಡನ್ನು ಬೇಕಾದ ಹಾಗೆ ಜೋಡಿಸಬಹುದು.

ನಾನು ವಿಮ್ ಬಳಸುವುದು ಇದಕ್ಕಾಗಿ. ವೇಗಕ್ಕಾಗಿ ಅಂತ ಎಂದೂ ಹೇಳುವುದಿಲ್ಲ. ಕೋಡ್ ಬರೆಯುವುದರಲ್ಲಿ ತಡವಾಗುವುದು ಬೆರಳಿನಿಂದ ಅಲ್ಲವೇ ಅಲ್ಲ, ಯೋಚನೆಯಿಂದ. ಕೈಗೆ ಕೂತ ಎಡಿಟರ್ ಆ ಯೋಚನೆಯನ್ನು ಮುರಿಯುವುದಿಲ್ಲ. ಮೆನು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ತಲೆಯಲ್ಲಿದ್ದ ನಾಲ್ಕು ಎಳೆಗಳಲ್ಲಿ ಒಂದು ಜಾರಿರುತ್ತದೆ. ಇದೇ ಮಾತನ್ನು ಇಂಟೆಲಿಜೆ ಬಳಸುವವರೂ ಹೇಳಿದರೆ ಒಪ್ಪುತ್ತೇನೆ, ಯಾಕೆಂದರೆ ಅವರ ಕೈಗೆ ಅದು ಕೂತಿದೆ.

ಮೋಡ್‌ಗಳಿಂದ ಹೊಸಬರಿಗೆ ಆಗುವ ಕಷ್ಟ ನಿಜವಾದದ್ದು. ವಿಮ್‌ನಿಂದ ಹೊರಗೆ ಬರುವುದು ಹೇಗೆ ಅಂತ 2012ರಲ್ಲಿ ಒಬ್ಬರು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೇಳಿದ ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷ ಸಲ ಜನ ತೆರೆದು ನೋಡಿದ್ದರು. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುತ್ತಿದ್ದಾಗ ತಾನಾಗಿ ತೆರೆದುಕೊಂಡ ವಿಐ ಒಳಗೆ ಸಿಕ್ಕಿಬಿದ್ದ ಹುಡುಗ ಹುಡುಗಿಯರನ್ನು ನೋಡಿ ನಗುವ ಹಿರಿಯರಿದ್ದಾರೆ. ದಯವಿಟ್ಟು ನಗಬೇಡಿ. ಅವರು ಆ ಎಡಿಟರನ್ನು ಆರಿಸಿಕೊಂಡು ಬಂದವರಲ್ಲ.

ಇನ್ನೊಂದು ತೊಂದರೆಯನ್ನೂ ಹೇಳಬೇಕು. ಇಂಗ್ಲಿಷ್ ಅಲ್ಲದ ಲಿಪಿಯಲ್ಲಿ ಬರೆಯುವವರು ಸಿಸ್ಟಮ್‌ನ ಕೀಬೋರ್ಡ್ ವಿನ್ಯಾಸವನ್ನೇ ಬದಲಿಸಿಕೊಂಡರೆ, ವಿಮ್‌ನ ಆಜ್ಞೆಯ ಕೀಗಳು ಕೆಲಸ ಮಾಡುವುದಿಲ್ಲ. ವಿಮ್‌ನಲ್ಲಿ ಇನ್ಸರ್ಟ್ ಮೋಡ್‌ಗೆ ಮಾತ್ರ ಬೇರೆ ಕೀ ವಿನ್ಯಾಸ ಹಾಕಿಕೊಳ್ಳುವ ಏರ್ಪಾಡಿದೆ. ಇಮ್ಯಾಕ್ಸ್ ಇದರಲ್ಲಿ ಮುಂದೆ. ಅದರ ಒಳಗೇ ಕನ್ನಡವೂ ಸೇರಿ ಹಲವಾರು ಭಾಷೆಗಳ ಟೈಪಿಂಗ್ ವಿಧಾನಗಳಿವೆ. ಆಜ್ಞೆಗಳು ಎಂದಿನಂತೆ ಉಳಿಯುತ್ತವೆ.

ಐಡಿಇಗಳ ಕಡೆ ಬರೋಣ, ಅಂದರೆ ಕೋಡ್ ಬರೆಯುವ, ಓಡಿಸುವ, ತಪ್ಪು ಹುಡುಕುವ ಸಲಕರಣೆಗಳೆಲ್ಲ ಒಂದೇ ಕಡೆ ಇರುವ ಪ್ರೋಗ್ರಾಂಗಳು. 1983ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್ ಬಂತು, ಬೆಲೆ 49.95 ಡಾಲರ್. ಎಡಿಟರ್, ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಎರಡೂ ಒಂದೇ ಪ್ರೋಗ್ರಾಂ ಒಳಗೆ. ತಪ್ಪು ಇದ್ದರೆ ಕರ್ಸರ್ ನೇರ ಆ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಅದರ ಕಂಪೈಲರ್ ಬರೆದ ಆಂಡರ್ಸ್ ಹೈಲ್ಸ್‌ಬರ್ಗ್ ಮುಂದೆ ಸಿ ಶಾರ್ಪ್ ಮತ್ತು ಟೈಪ್‌ಸ್ಕ್ರಿಪ್ಟ್ ಭಾಷೆಗಳ ವಿನ್ಯಾಸವನ್ನೂ ಮಾಡಿದರು. ವಿಎಸ್ ಕೋಡ್ ಬರೆದಿರುವುದು ಇದೇ ಟೈಪ್‌ಸ್ಕ್ರಿಪ್ಟ್‌ನಲ್ಲಿ. 2001ರಲ್ಲಿ ಎಕ್ಲಿಪ್ಸ್ ಮತ್ತು ಇಂಟೆಲಿಜೆ ಎರಡೂ ಬಂದವು. ಇವು ಕೋಡನ್ನು ಬರೀ ಅಕ್ಷರಗಳ ಸಾಲಾಗಿ ನೋಡದೆ, ಯಾವ ಹೆಸರು ಎಲ್ಲಿ ಹುಟ್ಟಿ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ತಿಳಿದು ನೋಡುತ್ತವೆ. ಸಾವಿರಾರು ಫೈಲುಗಳ ಜಾವಾ ಪ್ರಾಜೆಕ್ಟ್‌ನಲ್ಲಿ ಒಂದು ಮೆಥಡ್ ಹೆಸರನ್ನು ಧೈರ್ಯವಾಗಿ ಬದಲಿಸಲು ಆಗುವುದು ಇದರಿಂದ. ಅಂಥ ಕೆಲಸ ಮಾಡುವವರಿಗೆ ‘ಐಡಿಇ ಭಾರ, ಬಿಟ್ಟುಬಿಡಿ’ ಅನ್ನುವವರು ಆ ಕೆಲಸವನ್ನು ಹತ್ತಿರದಿಂದ ನೋಡಿಲ್ಲ ಅಂತಲೇ ನನ್ನ ಅನಿಸಿಕೆ.

ಸಬ್‌ಲೈಮ್ ಟೆಕ್ಸ್ಟ್ ಎಂಬ ಎಡಿಟರ್ 2008ರಲ್ಲಿ ಬಂತು. ಒಂದೇ ಸಲಕ್ಕೆ ಹಲವು ಕರ್ಸರ್, ಹೆಸರಿನ ಎರಡು ಮೂರು ಅಕ್ಷರ ಹೊಡೆದರೆ ತೆರೆಯುವ ಫೈಲು. ಇವೆಲ್ಲ ಜನರಿಗೆ ರೂಢಿಯಾದದ್ದರಲ್ಲಿ ಅದರ ಪಾಲು ದೊಡ್ಡದು. 2014ರಲ್ಲಿ ಗಿಟ್‌ಹಬ್ ಕಂಪನಿ ಆಟಮ್ ಎಂಬ ಎಡಿಟರ್ ತಂದಿತು. 2015ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ವಿಎಸ್ ಕೋಡ್ ಪ್ರಕಟಿಸಿತು. ಆ ತಂಡವನ್ನು ನಡೆಸಿದವರು ಎರಿಕ್ ಗಾಮಾ, ಹಿಂದೆ ಎಕ್ಲಿಪ್ಸ್‌ನ ಜಾವಾ ಭಾಗದಲ್ಲಿ ಕೆಲಸ ಮಾಡಿದ್ದವರು. 2024ರ ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ಶೇ 70ಕ್ಕೂ ಹೆಚ್ಚು ಜನ ವಿಎಸ್ ಕೋಡ್ ಬಳಸುತ್ತೇವೆ ಅಂದಿದ್ದಾರೆ. ಅದೇ ಸಮೀಕ್ಷೆಯಲ್ಲಿ ವಿಮ್ ಹೆಸರು ಹೇಳಿದವರು ಸುಮಾರು ಐವರಲ್ಲಿ ಒಬ್ಬರು. ಒಂದಕ್ಕಿಂತ ಜಾಸ್ತಿ ಎಡಿಟರ್ ಹೆಸರಿಸಲು ಅಲ್ಲಿ ಅವಕಾಶವಿತ್ತು. ಬಹಳ ಜನರ ಬದುಕಿನಲ್ಲಿ ಎರಡು ಮೂರು ಎಡಿಟರ್ ಒಟ್ಟಿಗೆ ಇರುತ್ತವೆ.

ವಿಎಸ್ ಕೋಡ್ ಇಷ್ಟು ಹರಡಿದ್ದಕ್ಕೆ ಒಂದು ಕಾರಣ ಹಣ ಕೊಡಬೇಕಿಲ್ಲ ಅನ್ನುವುದು. ಜಾವಾಸ್ಕ್ರಿಪ್ಟ್ ಬಲ್ಲ ಯಾರು ಬೇಕಾದರೂ ಎಕ್ಸ್‌ಟೆನ್ಶನ್, ಅಂದರೆ ಹೊಸ ಸೌಲಭ್ಯ ಸೇರಿಸುವ ಪ್ರೋಗ್ರಾಂ, ಬರೆಯಬಹುದು ಅನ್ನುವುದು ಇನ್ನೊಂದು. ನನ್ನ ಪ್ರಕಾರ 2019ರಲ್ಲಿ ಬಂದ ರಿಮೋಟ್ ಸೌಲಭ್ಯವೂ ದೊಡ್ಡ ಕಾರಣ. ಅಲ್ಲಿಯವರೆಗೆ ದೂರದ ಸರ್ವರ್ ಮೇಲೆ ಕೆಲಸ ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿ, ಟರ್ಮಿನಲ್ ಅಂದರೆ ವಿಮ್. ಆ ಗಂಟು ಅಲ್ಲಿ ಬಿಚ್ಚಿಕೊಂಡಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಆಟಮ್ ಏನಾಯಿತು ನೋಡಿ. 2018ರಲ್ಲಿ ಗಿಟ್‌ಹಬ್ಬನ್ನು ಮೈಕ್ರೋಸಾಫ್ಟ್ ಕೊಂಡಿತು. 2022ರ ಡಿಸೆಂಬರ್ 15ಕ್ಕೆ ಆಟಮ್ ಅಧಿಕೃತವಾಗಿ ಮುಗಿಯಿತು. ಆಟಮ್‌ಗಾಗಿ ಕಟ್ಟಿದ ಎಲೆಕ್ಟ್ರಾನ್ ಎಂಬ ತಳಹದಿ ಮಾತ್ರ ಉಳಿಯಿತು, ವಿಎಸ್ ಕೋಡ್ ಓಡುವುದೇ ಅದರ ಮೇಲೆ. ವಿಎಸ್ ಕೋಡ್‌ನ ಮೂಲ ಕೋಡ್ ಯಾರು ಬೇಕಾದರೂ ನೋಡಿ ಬಳಸುವಂತೆ ಮುಕ್ತವಾಗಿದೆ ನಿಜ. ಆದರೆ ರಿಮೋಟ್ ಎಕ್ಸ್‌ಟೆನ್ಶನ್‌ಗಳು ಮುಕ್ತವಲ್ಲ. ವಿಎಸ್‌ಕೋಡಿಯಮ್‌ನಂಥ ಮುಕ್ತ ಆವೃತ್ತಿಗಳು ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಶನ್ ಮಾರುಕಟ್ಟೆಯನ್ನು ಬಳಸಲು ಅದರ ನಿಯಮ ಬಿಡುವುದಿಲ್ಲ. ಇತ್ತ ವಿಮ್ ಕಥೆ ನೋಡಿ. ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್ 1988ರಲ್ಲಿ ಅಮೀಗಾ ಕಂಪ್ಯೂಟರ್ ಮೇಲೆ ಶುರು ಮಾಡಿ, 1991ರಲ್ಲಿ ಬಿಡುಗಡೆ ಮಾಡಿ, ಮೂವತ್ತು ವರ್ಷಕ್ಕೂ ಮೀರಿ ಅದನ್ನು ಸಾಕಿದರು. ವಿಮ್ ಇಷ್ಟವಾದರೆ ಉಗಾಂಡಾದ ಮಕ್ಕಳಿಗೆ ನೆರವು ಕೊಡಿ ಅಂತ ಕೇಳುತ್ತಿದ್ದರು. ವಿಮ್ ತೆರೆದಾಗ ಮೊದಲ ಪರದೆಯಲ್ಲೇ ಆ ಮಾತು ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. 2024ರ ಜನವರಿಯಲ್ಲಿ ಉಳಿದವರು ಸೇರಿ ವಿಮ್ 9.1 ಬಿಡುಗಡೆ ಮಾಡಿ ಅವರಿಗೆ ಅರ್ಪಿಸಿದರು. ಇಡೀ ವೃತ್ತಿಜೀವನ ಜೊತೆಗಿರಬೇಕಾದ ಸಲಕರಣೆ ಒಂದು ಕಂಪನಿಯ ಒಂದು ನಿರ್ಧಾರಕ್ಕೆ ಮುಗಿದುಹೋಗಬಾರದು. ಎಡಿಟರ್ ಆರಿಸುವಾಗ ಈ ಪ್ರಶ್ನೆಯನ್ನೂ ಕೇಳಿಕೊಳ್ಳಿ.

ದೇಹದ ಸ್ಥಿತಿಯೂ ಒಂದು ಕಾರಣ ಅಂತ ಮೊದಲೇ ಹೇಳಿದೆ. ಟಿ. ವಿ. ರಾಮನ್ ಕಣ್ಣು ಕಾಣದ ಕಂಪ್ಯೂಟರ್ ವಿಜ್ಞಾನಿ. 1990ರ ದಶಕದಲ್ಲಿ ಅವರು ಇಮ್ಯಾಕ್ಸನ್ನು ಮಾತಾಡಿಸುವ ಇಮ್ಯಾಕ್‌ಸ್ಪೀಕ್ ಕಟ್ಟಿದರು. ಸಾಮಾನ್ಯ ಸ್ಕ್ರೀನ್ ರೀಡರ್ ಪರದೆಯ ಮೇಲೆ ಇರುವುದನ್ನು ಓದುತ್ತದೆ. ಇಮ್ಯಾಕ್‌ಸ್ಪೀಕ್ ಇಮ್ಯಾಕ್ಸ್‌ನ ಫಂಕ್ಷನ್‌ಗಳ ಒಳಗೇ ಸೇರಿಕೊಳ್ಳುವುದರಿಂದ, ಈ ಸಾಲು ಕಾಮೆಂಟಾ, ಕೋಡಾ ಅನ್ನುವುದನ್ನು ಧ್ವನಿಯ ಬದಲಾವಣೆಯಲ್ಲೇ ತಿಳಿಸುತ್ತದೆ. ಇಮ್ಯಾಕ್ಸ್ ಅಷ್ಟು ಬಗ್ಗುವ ಎಡಿಟರ್ ಆಗಿದ್ದಕ್ಕೇ ಇದು ಸಾಧ್ಯವಾಯಿತು. ‘ನಾಳೆಯಿಂದ ಎಲ್ಲರೂ ಇದೇ ಎಡಿಟರ್ ಬಳಸಬೇಕು’ ಅಂತ ಆದೇಶ ಹೊರಡಿಸುವ ಮೊದಲು, ಅದು ಯಾರ ಪಾಲಿಗೆ ಬಾಗಿಲು ಮುಚ್ಚುತ್ತದೆ ಅಂತ ಒಂದು ಕ್ಷಣ ಯೋಚಿಸಬೇಕು. ಮಣಿಕಟ್ಟು ನೋವಿನಿಂದ ಮೌಸ್ ಬಿಟ್ಟವರು, ಧ್ವನಿಯಲ್ಲೇ ಕೋಡ್ ಹೇಳುವವರು ನಮ್ಮ ನಡುವೆಯೇ ಇದ್ದಾರೆ.

ಆದೇಶ ಬೇಡವಾದರೆ ತಂಡ ಒಂದೇ ಹಾದಿಯಲ್ಲಿ ನಡೆಯುವುದು ಹೇಗೆ? ಇದಕ್ಕೆ 2016ರಲ್ಲಿ ಒಂದು ಒಳ್ಳೆಯ ಉತ್ತರ ಸಿಕ್ಕಿತು: ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್, ಅಂದರೆ ಎಡಿಟರ್ ಮತ್ತು ಒಂದು ಭಾಷೆಯನ್ನು ಬಲ್ಲ ಪ್ರೋಗ್ರಾಂ ಪರಸ್ಪರ ಮಾತಾಡುವ ನಿಯಮಗಳು. ವಿಎಸ್ ಕೋಡ್‌ಗಾಗಿ ಮೈಕ್ರೋಸಾಫ್ಟ್ ರೂಪಿಸಿದ್ದನ್ನು ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಜೊತೆ ಸೇರಿ ಎಲ್ಲರಿಗೂ ಮುಕ್ತ ಮಾಡಿದರು. ಹತ್ತು ಎಡಿಟರ್, ಇಪ್ಪತ್ತು ಭಾಷೆ ಇವೆ ಅನ್ನಿ. ಹಿಂದೆ ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಯ ತಿಳಿವನ್ನು ಬೇರೆ ಬೇರೆಯಾಗಿ ಕಟ್ಟಬೇಕಿತ್ತು, ಇನ್ನೂರು ಕೆಲಸ. ಈಗ ಭಾಷೆಗೊಂದು ಸರ್ವರ್, ಎಡಿಟರ್‌ಗೊಂದು ಕ್ಲೈಂಟ್, ಮೂವತ್ತು ಕೆಲಸ. ಫಂಕ್ಷನ್ ಎಲ್ಲಿದೆ, ಈ ಹೆಸರು ಎಲ್ಲೆಲ್ಲಿ ಬಂದಿದೆ ಎಂಬ ಪ್ರಶ್ನೆಗೆ ಸರ್ವರ್ ಉತ್ತರ ಕೊಡುತ್ತದೆ. ವಿಎಸ್ ಕೋಡ್ ಕೇಳಿದರೂ ಅದೇ ಉತ್ತರ, ವಿಮ್‌ನಿಂದ ಕವಲೊಡೆದ ನಿಯೋವಿಮ್ ಕೇಳಿದರೂ ಅದೇ.

ಇದನ್ನೇ ಮುಂದುವರಿಸಿ. ಇಂಡೆಂಟೇಶನ್ (ಸಾಲಿನ ಶುರುವಿನಲ್ಲಿ ಬಿಡುವ ಜಾಗ) ಹೇಗಿರಬೇಕು ಅನ್ನುವುದನ್ನು ಎಡಿಟರ್‌ಕಾನ್ಫಿಗ್ ಫೈಲಿನಲ್ಲಿ ಬರೆದು ಪ್ರಾಜೆಕ್ಟ್ ಒಳಗೇ ಇಡಿ. ಟ್ಯಾಬ್ ಬೇಕಾ ಸ್ಪೇಸ್ ಬೇಕಾ ಎಂಬ ವಾದವನ್ನು, ಕೋಡನ್ನು ತಾನೇ ಒಂದೇ ಅಚ್ಚಿಗೆ ತರುವ ಫಾರ್ಮ್ಯಾಟರ್‌ಗೆ ಒಪ್ಪಿಸಿ. ಗೋ ಭಾಷೆಗೆ ಗೋಫಮ್ಟ್ ಇದೆ, ಪೈಥಾನ್‌ಗೆ ಬ್ಲ್ಯಾಕ್, ಜಾವಾಸ್ಕ್ರಿಪ್ಟ್‌ಗೆ ಪ್ರೆಟಿಯರ್. ಬಿಲ್ಡ್, ಟೆಸ್ಟ್ ಎರಡೂ ಟರ್ಮಿನಲ್‌ನಲ್ಲಿ ಒಂದು ಆಜ್ಞೆಗೆ ಓಡಬೇಕು. ಒಂದು ಐಡಿಇಯ ಹಸಿರು ಗುಂಡಿ ಒತ್ತಿದರೆ ಮಾತ್ರ ಓಡುವ ಪ್ರಾಜೆಕ್ಟ್ ಅಂದರೆ ಅದರಲ್ಲಿ ಏನೋ ಬಚ್ಚಿಟ್ಟುಕೊಂಡಿದೆ ಅಂತ ಅರ್ಥ. ಇಷ್ಟು ಮಾಡಿದ ತಂಡದಲ್ಲಿ ಯಾರ ಪರದೆಯಲ್ಲಿ ಯಾವ ಎಡಿಟರ್ ಇದೆ ಅನ್ನುವುದು ಅವರವರ ವಿಷಯ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಎಐ ಬಂದ ಮೇಲೆ ಎಡಿಟರ್ ಆಯ್ಕೆಗೆ ಅರ್ಥ ಉಳಿದಿದೆಯಾ ಸರ್, ಅಂತ ಒಬ್ಬರು ಕೇಳಿದರು. ಉಳಿದಿದೆ. 2021ರಲ್ಲಿ ಮುಂದಿನ ಕೋಡನ್ನು ಸೂಚಿಸುವ ಗಿಟ್‌ಹಬ್ ಕೋಪೈಲಟ್ ಬಂದ ಮೇಲೆ, ಆಮೇಲೆ ವಿಎಸ್ ಕೋಡ್‌ನಿಂದಲೇ ಕವಲೊಡೆದ ಕರ್ಸರ್ ಎಂಬ ಎಡಿಟರ್ ಬಂದ ಮೇಲೆ, ಎಐಗಾಗಿಯೇ ಎಡಿಟರ್ ಬದಲಿಸಿದವರು ಬಹಳ ಜನ. ಈಗ ಟರ್ಮಿನಲ್‌ನಲ್ಲೇ ಓಡುವ, ಹೇಳಿದ ಕೆಲಸವನ್ನು ತಾವೇ ಮಾಡುವ ಎಐ ಏಜೆಂಟ್‌ಗಳೂ ಇವೆ. ಝೆಡ್ ಎಡಿಟರ್ ತಂಡ 2025ರಲ್ಲಿ, ಯಾವ ಏಜೆಂಟ್ ಯಾವ ಎಡಿಟರ್ ಜೊತೆ ಬೇಕಾದರೂ ಮಾತಾಡಲಿ ಅಂತ ಒಂದು ಪ್ರೋಟೊಕಾಲ್ ಮುಂದಿಟ್ಟಿತು. ಭಾಷೆಯ ತಿಳಿವು ಎಡಿಟರ್‌ನಿಂದ ಹೊರಗೆ ಬಂದ ಹಾಗೆ ಎಐ ಕೂಡ ಹೊರಗೆ ಬರಲಿ ಅನ್ನುವುದು ನನ್ನ ಆಸೆ. ಇನ್ನೊಂದು ವಿಷಯ. ಎಐ ಬರೆದ ಕೋಡನ್ನು ನಾವು ಓದಲೇಬೇಕು. ಓದುವ, ಅತ್ತಿತ್ತ ಜಿಗಿದು ನೋಡುವ, ಸಣ್ಣದಾಗಿ ತಿದ್ದುವ ಕೆಲಸ ಜಾಸ್ತಿಯಾಗಿದೆ. ಅದಕ್ಕೆ ಕೈಗೆ ಕೂತ ಎಡಿಟರ್ ಬೇಕೇ ಬೇಕು.

ಈಗಷ್ಟೇ ಕಲಿಯುತ್ತಿದ್ದೇನೆ, ಯಾವುದರಿಂದ ಶುರು ಮಾಡಲಿ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದರು. ನಿಮ್ಮ ಪಕ್ಕದಲ್ಲಿ ಕೂತು ಸಹಾಯ ಮಾಡುವವರು ಯಾವುದನ್ನು ಬಳಸುತ್ತಾರೋ ಅದರಿಂದಲೇ ಶುರು ಮಾಡಮ್ಮ. ಅದು ವಿಎಸ್ ಕೋಡ್ ಆಗಿದ್ದರೆ ಅದೇ ಸರಿ. ಅದರಲ್ಲಿ ಮೂರು ಕೆಲಸವನ್ನು ಮೌಸ್ ಮುಟ್ಟದೆ ಮಾಡಲು ಕಲಿಯಿರಿ: ಇಡೀ ಪ್ರಾಜೆಕ್ಟ್‌ನಲ್ಲಿ ಹುಡುಕುವುದು, ಫಂಕ್ಷನ್ ಬರೆದಿರುವ ಜಾಗಕ್ಕೆ ಹೋಗಿ ವಾಪಸ್ ಬರುವುದು, ಎಲ್ಲ ಕಡೆ ಒಂದು ಹೆಸರು ಬದಲಿಸುವುದು. ಆಮೇಲೆ ಒಂದು ಬಿಡುವಿನ ದಿನ ಟರ್ಮಿನಲ್ ತೆರೆದು ವಿಮ್‌ಟ್ಯೂಟರ್ ಓಡಿಸಿ. ಅರ್ಧ ಗಂಟೆಯ ಪಾಠ. ನೀವು ಆರಿಸಿಕೊಳ್ಳದಿದ್ದರೂ ಯಾವುದಾದರೂ ಸರ್ವರ್ ಮೇಲೆ ವಿಐ ಎದುರಾಗಿಯೇ ಆಗುತ್ತದೆ, ಆಗ ಗಾಬರಿಯಾಗಬಾರದು. ವಿಮ್‌ಟ್ಯೂಟರ್ ಪಾಠದ ಫೈಲಿನ ಒಂದು ಪ್ರತಿ ಮಾಡಿ ನಿಮಗೆ ಕೊಡುತ್ತದೆ. ಅದರಲ್ಲಿ ಏನನ್ನು ಅಳಿಸಿದರೂ, ಏನನ್ನು ಕೆಡಿಸಿದರೂ ಮೂಲಕ್ಕೆ ಏನೂ ಆಗುವುದಿಲ್ಲ.